ಜಾಬ್‌ವರ್ಕ್ ಘಟಕಕ್ಕೆ ಲಿಂಕ್ಡ್‌ಇನ್: ಡ್ರಾಯಿಂಗ್ ತರುವ ಬರಹ ಬರೆಯುವುದು ಹೇಗೆ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ. ಎಲ್ಲಿ ಹೋದರೂ ನಾಲ್ಕೈದು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ), ಒಂದೆರಡು ಸಿಎನ್‌ಸಿ ಲೇತ್ ಇಟ್ಟುಕೊಂಡು ಬೇರೆ ಕಂಪನಿಗಳಿಗೆ ಬಿಡಿಭಾಗಗಳನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಜಾಬ್‌ವರ್ಕ್ ಘಟಕಗಳು ಸಿಗುತ್ತವೆ. ಇವುಗಳಿಗೆ ಕೆಲಸ ಬರುವುದು ಹೆಚ್ಚಾಗಿ ಹಳೆಯ ಗ್ರಾಹಕರ ಬಾಯಿಮಾತಿನಿಂದ. ಇರುವ ಇಬ್ಬರು ದೊಡ್ಡ ಗ್ರಾಹಕರಲ್ಲಿ ಒಬ್ಬರು ಆರ್ಡರ್ ಇಳಿಸಿದ ತಿಂಗಳು ಯಂತ್ರ ಸುಮ್ಮನೆ ನಿಲ್ಲುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಆಗ ಮಾಲೀಕರು ಲಿಂಕ್ಡ್‌ಇನ್ ಕಡೆ ತಿರುಗುತ್ತಾರೆ. ಆಯುಧಪೂಜೆಯ ಫೋಟೊ, ಹಬ್ಬದ ಶುಭಾಶಯ, 'ಉತ್ತಮ ಗುಣಮಟ್ಟ, ಸಕಾಲದ ಪೂರೈಕೆ' ಎಂಬ ಸಾಲು ಹಾಕುತ್ತಾರೆ. ಸಂಬಂಧಿಕರು, ಪಕ್ಕದ ಶೆಡ್ಡಿನವರು ಲೈಕ್ ಒತ್ತುತ್ತಾರೆ. ದರ ಕೇಳಿ ಗ್ರಾಹಕರು ಕಳಿಸುವ ಬಿಡಿಭಾಗದ ಡ್ರಾಯಿಂಗ್ ಒಂದೂ ಬರುವುದಿಲ್ಲ. ಆರು ತಿಂಗಳಿಗೆ ಉತ್ಸಾಹ ಮುಗಿಯುತ್ತದೆ.

ಈ ಮಾರ್ಗದರ್ಶಿ ಅಂಥ ಘಟಕದ ಮಾಲೀಕರಿಗೆ. ಉದಾಹರಣೆಗಳೆಲ್ಲ ಮಷೀನಿಂಗ್ ಕೆಲಸದವು. ಫೌಂಡ್ರಿ, ಪ್ಲೇಟಿಂಗ್, ಶೀಟ್ ಮೆಟಲ್ ಕೆಲಸದವರು ಅಂಕಿ ಬದಲಿಸಿಕೊಂಡರೆ ಕ್ರಮ ಇದೇ.

ಓದುವವರು ಯಾರು

ನಿಮಗೆ ಬೇಕಾದ ಓದುಗರು ಮೂರು ಬಗೆಯವರು: ಪರ್ಚೇಸ್ ಅಥವಾ ಸೋರ್ಸಿಂಗ್ ವಿಭಾಗದವರು, ವೆಂಡರ್‌ಗಳ ಗುಣಮಟ್ಟ ನೋಡಿಕೊಳ್ಳುವವರು, ಡ್ರಾಯಿಂಗ್ ಮಾಡುವ ಡಿಸೈನ್ ಎಂಜಿನಿಯರ್‌ಗಳು. ಈ ಮೂವರೂ ಲೈಕ್ ಒತ್ತುವುದು ಕಡಿಮೆ. ಹೊಸ ವೆಂಡರನ್ನು ಹುಡುಕುತ್ತಿದ್ದೇವೆಂದು ಈಗಿನ ವೆಂಡರ್‌ಗೆ ತಿಳಿಯುವುದು ಅವರಿಗೆ ಬೇಕಿಲ್ಲ. ಸದ್ದಿಲ್ಲದೆ ಬಂದು ಓದಿ ಹೋಗುತ್ತಾರೆ.

ಹೊಸ ವೆಂಡರನ್ನು ಒಳಗೆ ತರುವ ಎಂಜಿನಿಯರ್‌ಗೆ ದೊಡ್ಡ ಅಂಜಿಕೆ ಒಂದಿರುತ್ತದೆ: ಮೊದಲ ಲಾಟ್ (ಒಂದು ಸಲಕ್ಕೆ ಮಾಡಿಸಿದ ಬಿಡಿಭಾಗಗಳ ಗುಂಪು) ಕೆಟ್ಟರೆ 'ಇವರನ್ನು ಯಾಕೆ ಆರಿಸಿದಿರಿ' ಎಂದು ಮೇಲಿನವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವನ್ನು ಮುಂಚಿತವಾಗಿ ಅವರ ಕೈಗಿಡುವುದೇ ನಿಮ್ಮ ಬರಹದ ಕೆಲಸ. 'ಗುಣಮಟ್ಟಕ್ಕೆ ಬದ್ಧರು' ಎಂಬುದನ್ನು ಮೇಲಿನವರ ಮುಂದೆ ಇಡಲಾಗದು, ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲ. 34 ಡಿಗ್ರಿ ಶೆಡ್ಡಿನಲ್ಲಿ ಅಳೆದ ಅಲ್ಯೂಮಿನಿಯಂ ಜಾಬ್ (ಮಾಡಿಕೊಡುವ ಬಿಡಿಭಾಗ) ಎಷ್ಟು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ತಪ್ಪು ತೋರಿಸುತ್ತದೆ ಎಂಬ ಲೆಕ್ಕವನ್ನು ಇಡಬಹುದು. ಓದಿದವರು ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡುತ್ತಾರೆ. ತಾಳೆಯಾಯಿತೆಂದರೆ ನಿಮ್ಮ ಶೆಡ್ಡಿಗೆ ಕಾಲಿಡದೆಯೇ ಅರ್ಧ ಆಡಿಟ್ ಮುಗಿಯಿತು. ಈ ಬರಹದಲ್ಲಿ ಮುಂದೆ ಬರುವುದೆಲ್ಲ ಇದೊಂದೇ ಮಾತಿನ ವಿಸ್ತಾರ: ಓದುವವರು ತಾವೇ ಪರೀಕ್ಷಿಸಿ ನೋಡಬಹುದಾದದ್ದನ್ನು ಬರೆಯಿರಿ.

ಪ್ರೊಫೈಲ್: ಒಂದು ಸಂಜೆಯ ಕೆಲಸ

ಕಂಪನಿ ಪೇಜ್ ಇರಬೇಕು. ಆದರೆ ಬರೆಯಬೇಕಾದದ್ದು ಮಾಲೀಕರ ಅಥವಾ ತಾಂತ್ರಿಕ ಹೊಣೆ ಹೊತ್ತವರ ಸ್ವಂತ ಪ್ರೊಫೈಲಿನಲ್ಲಿ. ಪೇಜಿನ ಹೆಸರಲ್ಲಿ ಯಾರಿಗೂ ಕನೆಕ್ಷನ್ ಕಳಿಸಲು ಬರುವುದಿಲ್ಲ, ಮೇಲಾಗಿ ತಾಂತ್ರಿಕ ಮಾತಿಗೆ ಹೊಣೆ ಹೊರುವ ಒಂದು ಮುಖ ಓದುವವರಿಗೆ ಬೇಕು. ಪೇಜಿನಲ್ಲಿ ವಿಳಾಸ, ವೆಬ್‌ಸೈಟ್, ಕೆಲಸಗಾರರ ಸಂಖ್ಯೆ ಸರಿಯಾಗಿ ತುಂಬಿ, ನಿಮ್ಮ ಹುದ್ದೆಯನ್ನು ಆ ಪೇಜಿಗೆ ಜೋಡಿಸಿಬಿಡಿ. ಸದ್ಯಕ್ಕೆ ಅಷ್ಟು ಸಾಕು.

ಹೆಸರಿನ ಕೆಳಗಿನ ಸಾಲಿಗೆ, ಅಂದರೆ ಹೆಡ್‌ಲೈನ್‌ಗೆ, 220 ಅಕ್ಷರಗಳ ಮಿತಿಯಿದೆ. ನೀವು ಎಲ್ಲಿ ಕಾಮೆಂಟ್ ಮಾಡಿದರೂ ಅದರ ಮೊದಲ ತುಣುಕು ನಿಮ್ಮ ಹೆಸರಿನ ಜೊತೆ ಕಾಣುತ್ತದೆ. ಆದ್ದರಿಂದ 'ಮ್ಯಾನೇಜಿಂಗ್ ಡೈರೆಕ್ಟರ್' ಎಂದು ಶುರು ಮಾಡಿದರೆ ಆ ಜಾಗ ದಂಡ. ಹೀಗಿರಲಿ: 'ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಬಿಡಿಭಾಗಗಳ ಸಿಎನ್‌ಸಿ ಮಿಲ್ಲಿಂಗ್ | 10ರಿಂದ 500ರ ಲಾಟ್ | ಸಿಎಂಎಂ ವರದಿಯೊಂದಿಗೆ | ಪೀಣ್ಯ, ಬೆಂಗಳೂರು'. (ಸಿಎಂಎಂ ಎಂದರೆ ಜಾಬಿನ ಅಳತೆಯನ್ನು ಮೂರು ದಿಕ್ಕಿನಲ್ಲೂ ತೆಗೆಯುವ ಯಂತ್ರ.) ಓದುವವರಿಗೆ ಇದರಿಂದ ನಾಲ್ಕು ಸಂಗತಿ ತಿಳಿಯಿತು. ಲಕ್ಷ ಸಂಖ್ಯೆಯ ಲಾಟ್ ಇರುವವರು ತಾವಾಗಿಯೇ ದೂರ ಸರಿದರು, ಅದೂ ಒಳ್ಳೆಯದೇ.

ಪರಿಚಯದ ಭಾಗಕ್ಕೆ 2,600 ಅಕ್ಷರ ಸಿಗುತ್ತದೆ, ಆದರೆ ಒತ್ತಿ ತೆರೆಯದವರಿಗೆ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ಕಂಪನಿ ಹುಟ್ಟಿದ ಕಥೆಯನ್ನು ಕೊನೆಗೆ ತಳ್ಳಿ. ಮೊದಲು ಯಂತ್ರಗಳು: ಎಷ್ಟು, ಟೇಬಲ್ ಅಳತೆ ಎಷ್ಟು, ಎಷ್ಟು ಆಕ್ಸಿಸ್. ಆಮೇಲೆ ಯಾವ ಮೆಟೀರಿಯಲ್, ಯಾವ ಗಾತ್ರದ ಜಾಬ್, ಯಾವ ಅಳತೆ ಉಪಕರಣ, ಕ್ಯಾಲಿಬ್ರೇಷನ್ ಎಲ್ಲಿ ಮಾಡಿಸುತ್ತೀರಿ. ಹೀಟ್ ಟ್ರೀಟ್‌ಮೆಂಟ್, ಅನೋಡೈಸಿಂಗ್ (ಅಲ್ಯೂಮಿನಿಯಂ ಮೈಮೇಲಿನ ಲೇಪನ) ಹೊರಗಡೆ ಮಾಡಿಸುತ್ತಿದ್ದರೆ ಹಾಗೆಂದೇ ಬರೆಯಿರಿ. ಪೀಣ್ಯದಲ್ಲಿ ಎಲ್ಲರೂ ಹೊರಗಡೆಯೇ ಮಾಡಿಸುವುದು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಕೊನೆಗೆ ಒಂದು ಸಾಲು: ನಾವು ಏನು ಮಾಡುವುದಿಲ್ಲ. ಗ್ರೈಂಡಿಂಗ್ ಇಲ್ಲ, 600 ಮಿ.ಮೀ.ಗಿಂತ ಉದ್ದದ್ದು ಇಲ್ಲ, ಹೀಗೆ. ಈ ಸಾಲು ಮೇಲಿನ ಎಲ್ಲ ಸಾಲುಗಳನ್ನೂ ನಂಬುವಂತೆ ಮಾಡುತ್ತದೆ.

ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಏರುಪೇರು ನಡೆಯುತ್ತದೆ ಎಂಬುದನ್ನು, ಬರೆಯುವಾಗ ಮುಗ್ಗರಿಸುವವರು ಬಹಳ. '±5 ಮೈಕ್ರಾನ್ ಸಾಧ್ಯ' ಎಂದು ಬರಿದೇ ಬರೆದರೆ ಗುಣಮಟ್ಟ ವಿಭಾಗದವರು ಹುಬ್ಬೇರಿಸುತ್ತಾರೆ: ಬೋರಿನಲ್ಲೋ (ಕೊರೆದ ದುಂಡು ತೂತು), ಎರಡು ತೂತುಗಳ ನಡುವಿನ ಅಂತರದಲ್ಲೋ, 20 ಮಿ.ಮೀ.ನಲ್ಲೋ, 300ರಲ್ಲೋ, ಅಳೆದದ್ದು ಯಾವುದರಿಂದ? ಅಳೆಯುವ ಉಪಕರಣ ಟಾಲರೆನ್ಸಿಗಿಂತ ಹತ್ತು ಪಟ್ಟು ಸೂಕ್ಷ್ಮವಾಗಿರಬೇಕು ಎಂಬುದು ಈ ಕಸುಬಿನ ಹಳೆಯ ನಿಯಮ. 0.01 ಮಿ.ಮೀ. ಲೀಸ್ಟ್ ಕೌಂಟಿನ (ಓದಲಾಗುವ ಅತಿ ಸಣ್ಣ ಅಳತೆ) ಮೈಕ್ರೋಮೀಟರ್ ಮೇಜಿನ ಮೇಲಿರುವ ಫೋಟೊ ಹಾಕಿ, ಕೆಳಗೆ ±5 ಮೈಕ್ರಾನ್ ಎಂದು ಬರೆದರೆ ನಿಮ್ಮ ಮಾತನ್ನು ನಿಮ್ಮ ಫೋಟೊವೇ ಸುಳ್ಳು ಮಾಡುತ್ತದೆ.

ಕಾಗದಪತ್ರದ ವಿಷಯ ಬೇಗ ಮುಗಿಸೋಣ. ಜಿಎಸ್‌ಟಿ, ಉದ್ಯಮ್ ನೋಂದಣಿ, ಇನ್‌ವಾಯ್ಸ್, ಲಿಂಕ್ಡ್‌ಇನ್ ಪೇಜ್, ಎಲ್ಲ ಕಡೆ ಸಂಸ್ಥೆಯ ಹೆಸರು ಒಂದೇ ಆಗಿರಲಿ. ಪರ್ಚೇಸ್‌ನವರು ಜಿಎಸ್‌ಟಿ ಪೋರ್ಟಲಿನಲ್ಲಿ ತಾಳೆ ನೋಡುವುದು ಮಾಮೂಲು. ಐಎಸ್‌ಒ 9001 ಇದ್ದರೆ ಬರೀ ಲೋಗೊ ಸಾಲದು, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ, ವ್ಯಾಪ್ತಿ, ಅವಧಿ ಮುಗಿಯುವ ದಿನ ಬರೆಯಿರಿ. ಈ ಸರ್ಟಿಫಿಕೇಟಿನ ಚಕ್ರ ಮೂರು ವರ್ಷದ್ದು, ನಡುವೆ ವರ್ಷಕ್ಕೊಮ್ಮೆ ಸರ್ವೇಲೆನ್ಸ್ ಆಡಿಟ್. ಅವಧಿ ಮುಗಿದ ಸರ್ಟಿಫಿಕೇಟಿನ ಫೋಟೊ ಪ್ರೊಫೈಲಿನಲ್ಲಿ ನೇತಾಡುತ್ತಿದ್ದರೆ ಇಲ್ಲದೆ ಇರುವುದಕ್ಕಿಂತ ಕೆಡುಕು. ಲಿಂಕ್ಡ್‌ಇನ್ ಭಾರತದಲ್ಲಿ ಡಿಜಿಲಾಕರ್ ಮೂಲಕ ಉಚಿತವಾಗಿ ಗುರುತು ದೃಢೀಕರಿಸಿ ಹೆಸರಿನ ಪಕ್ಕ ಗುರುತು ಕೊಡುತ್ತದೆ, ಮಾಡಿಸಿಕೊಳ್ಳಿ. ಮಿಂಚಂಚೆ ವಿಳಾಸ ಸ್ವಂತ ಡೊಮೇನಿನದಾಗಿರಲಿ. ಮೇಲಿನ ಪಟ್ಟಿಯ ಚಿತ್ರ 1584×396 ಪಿಕ್ಸೆಲ್. ಅಲ್ಲಿ ನಿಮ್ಮದೇ ಶೆಡ್ಡಿನ ಫೋಟೊ ಇರಲಿ, ಅಂತರ್ಜಾಲದಿಂದ ಇಳಿಸಿದ ನೀಲಿ ರೋಬೋ ಬೇಡ.

ಬರೆಯಲು ವಿಷಯ ಎಲ್ಲಿದೆ

'ನಮಗೆ ಬರೆಯಲು ಏನಿದೆ' ಎನ್ನುವವರೇ ಹೆಚ್ಚು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಇಪ್ಪತ್ತು ವರ್ಷ ಕೈಯಾಡಿಸಿದ ವಿದ್ಯೆ ಎಲ್ಲರಿಗೂ ಗೊತ್ತಿರುವಂಥದ್ದೇ ಎಂದು ಮಾಲೀಕರಿಗೆ ಅನ್ನಿಸುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಡ್ರಾಯಿಂಗ್ ಮಾಡುವ ಎಂಜಿನಿಯರ್‌ಗೆ ಅದು ಗೊತ್ತಿರುವುದಿಲ್ಲ. ಗೊತ್ತಿದ್ದರೆ 30 ಮಿ.ಮೀ. ಆಳದ ಪಾಕೆಟ್ಟಿಗೆ (ಲೋಹದಲ್ಲಿ ಕೊರೆದ ಗುಳಿ) 1 ಮಿ.ಮೀ. ಮೂಲೆ ರೇಡಿಯಸ್ ಕೊಡುತ್ತಿರಲಿಲ್ಲ.

ಮೊದಲ ಗಣಿ ರಿಜೆಕ್ಷನ್ ರಿಜಿಸ್ಟರ್. ಐಎಸ್‌ಒ ಇರುವ ಘಟಕದಲ್ಲಿ ಏನು ಕೆಟ್ಟಿತು, ಯಾಕೆ, ಏನು ಸರಿಪಡಿಸಿದೆವು ಎಂಬ ದಾಖಲೆ ಇದ್ದೇ ಇರುತ್ತದೆ. ಆಡಿಟ್ ದಿನ ಮಾತ್ರ ತೆರೆಯುವ ಆ ಫೈಲಿನ ಒಂದೊಂದು ಹಾಳೆಯೂ ಒಂದೊಂದು ಪೋಸ್ಟ್. ಗ್ರಾಹಕರ ಹೆಸರು, ಪಾರ್ಟ್ ನಂಬರ್, ಗುರುತು ಹತ್ತುವ ಆಕಾರ ತೆಗೆದು ಕಾರಣವನ್ನಷ್ಟೇ ಉಳಿಸಿಕೊಳ್ಳಿ. ಒಂದು ಮಾದರಿ ನೋಡಿ:

'ನಮ್ಮ ಶೆಡ್ಡಿನಲ್ಲಿ ಪಾಸಾದ ಅಲ್ಯೂಮಿನಿಯಂ ಜಾಬ್ ನಿಮ್ಮ ಲ್ಯಾಬಿನಲ್ಲಿ 17 ಮೈಕ್ರಾನ್ ಕಡಿಮೆ ಬರಬಹುದು, ಮೈಕ್ರೋಮೀಟರ್ ಸರಿಯಾಗಿದ್ದಾಗಲೂ. ಡ್ರಾಯಿಂಗಿನ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದ್ದು. ಏಪ್ರಿಲ್ ಮಧ್ಯಾಹ್ನ ಶೆಡ್ಡಿನಲ್ಲಿ 34. ಈ 14 ಡಿಗ್ರಿಗೆ 100 ಮಿ.ಮೀ. ಉದ್ದದ 6061 ಅಲ್ಯೂಮಿನಿಯಂ ಜಾಬ್ ಸುಮಾರು 33 ಮೈಕ್ರಾನ್ ಹಿಗ್ಗುತ್ತದೆ. ಉಕ್ಕಿನ ಮೈಕ್ರೋಮೀಟರೂ ಅಷ್ಟೇ ಬಿಸಿಯಾಗಿದ್ದರೆ ಅದು ಹಿಗ್ಗುವುದು 16. ಉಳಿದ 17 ಮೈಕ್ರಾನ್ ಓದಿಗೆ ಸೇರುತ್ತದೆ. ಇಲ್ಲಿ 100.000 ಓದಿದ್ದು 20 ಡಿಗ್ರಿಯಲ್ಲಿ 99.983. ಟಾಲರೆನ್ಸ್ ±0.1 ಆದರೆ ಚಿಂತೆ ಬೇಡ. ±0.02 ಆದರೆ ಜಾಬ್, ಉಪಕರಣ ಎರಡನ್ನೂ 20 ಡಿಗ್ರಿ ಕೋಣೆಯಲ್ಲಿ ತಣಿಸಿಯೇ ಅಳೆಯಬೇಕು. ಉಕ್ಕಿನ ಜಾಬಿಗೆ ಉಕ್ಕಿನ ಉಪಕರಣವಾದರೆ ಎರಡೂ ಒಟ್ಟಿಗೆ ಹಿಗ್ಗುವುದರಿಂದ ವ್ಯತ್ಯಾಸ ಬಹುಪಾಲು ಹೊಡೆದುಹೋಗುತ್ತದೆ.'

ಇಷ್ಟೇ. 'ನಮ್ಮಲ್ಲಿಗೆ ಬನ್ನಿ' ಎಂದು ಎಲ್ಲೂ ಹೇಳಿಲ್ಲ. ಆದರೆ ಈ ಘಟಕದಲ್ಲಿ ತಾಪಮಾನ ನೋಡಿ ಅಳೆಯುವವರಿದ್ದಾರೆ ಎಂಬುದು ಗೊತ್ತಾಯಿತು. ಪೋಸ್ಟಿನ ಬೆನ್ನೆಲುಬು ಗಮನಿಸಿ: ಮೊದಲ ಸಾಲಿನಲ್ಲೇ ಅಂಕಿ, ನಂತರ ಕಾರಣ, ಆಮೇಲೆ ಯಾವಾಗ ಇದು ಲೆಕ್ಕಕ್ಕಿಲ್ಲ, ಕೊನೆಗೆ ಏನು ಮಾಡಬೇಕು. ಯಾವಾಗ ಲೆಕ್ಕಕ್ಕಿಲ್ಲ ಎಂಬ ಭಾಗವನ್ನೇ ಬಹಳ ಮಂದಿ ಬಿಡುತ್ತಾರೆ. ಅದನ್ನು ಬಿಟ್ಟರೆ ಹೆದರಿಸಿ ಮಾರುವವರ ಹಾಗೆ ಕೇಳಿಸುತ್ತದೆ.

ಎರಡನೆಯದು ಡ್ರಾಯಿಂಗ್ ಬಂದಾಗ ನೀವು ಗ್ರಾಹಕರಿಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು. 'ಈ ಬೋರಿನ ಅಳತೆ ಹಾರ್ಡ್ ಅನೋಡೈಸಿಂಗ್‌ಗೆ ಮುಂಚಿನದೋ, ನಂತರದ್ದೋ?' ಎಂಬ ಪ್ರಶ್ನೆ ಡ್ರಾಯಿಂಗಿನಲ್ಲಿ ಒಂದು ಸಾಲು ಬಿಟ್ಟುಹೋದ ಕಾರಣಕ್ಕೆ ಹುಟ್ಟುತ್ತದೆ. 50 ಮೈಕ್ರಾನ್ ದಪ್ಪದ ಹಾರ್ಡ್ ಅನೋಡೈಸಿಂಗ್‌ನಲ್ಲಿ ಸುಮಾರು ಅರ್ಧ ಲೋಹದ ಒಳಕ್ಕೆ ಇಳಿದರೆ ಅರ್ಧ ಮೇಲಕ್ಕೆ ಬೆಳೆಯುತ್ತದೆ. ಪ್ರತಿ ಮೈಗೆ 25 ಮೈಕ್ರಾನ್ ಎಂದರೆ ಬೋರಿನ ವ್ಯಾಸ 50 ಮೈಕ್ರಾನ್ ಕಿರಿದಾಯಿತು, ಬೇರಿಂಗ್ ಕೂರುವುದಿಲ್ಲ. 'ಡ್ರಾಯಿಂಗಿನಲ್ಲಿ ಅಳತೆ ಲೇಪನದ ನಂತರದ್ದು ಎಂದು ಬರೆಯಿರಿ, ಅಥವಾ ಬೋರಿಗೆ ಮಾಸ್ಕಿಂಗ್ (ಲೇಪನ ತಾಗದಂತೆ ಮುಚ್ಚುವುದು) ಎಂದು ಬರೆಯಿರಿ' ಎಂಬ ಪೋಸ್ಟನ್ನು ಡಿಸೈನ್ ಎಂಜಿನಿಯರ್‌ಗಳು ಉಳಿಸಿಟ್ಟುಕೊಳ್ಳುತ್ತಾರೆ. ನಿಮ್ಮ ಹೆಸರೂ ಅದರ ಜೊತೆಗೇ ಉಳಿಯುತ್ತದೆ.

ಮೂರನೆಯದು ಬೆಲೆ. ದರ ಹೇಳಬೇಕಿಲ್ಲ, ದರ ಯಾಕೆ ಏರುತ್ತದೆ ಎಂಬುದನ್ನು ಹೇಳಿ. ಸೆಟ್ಟಿಂಗ್‌ಗೆ, ಅಂದರೆ ಯಂತ್ರವನ್ನು ಆ ಜಾಬಿಗೆ ಅಣಿ ಮಾಡಲು, 3 ಗಂಟೆ ಹಿಡಿಯುವ ಜಾಬನ್ನು 10 ಮಾಡಿಸಿದರೆ ಒಂದೊಂದರ ತಲೆಗೆ 18 ನಿಮಿಷದ ಸೆಟ್ಟಿಂಗ್ ಬೀಳುತ್ತದೆ, 200 ಮಾಡಿಸಿದರೆ 54 ಸೆಕೆಂಡ್. 'ಹತ್ತಕ್ಕೆ ಯಾಕಿಷ್ಟು ದರ' ಎಂಬ ಜಗಳಕ್ಕೆ ಇದೊಂದೇ ಸಾಲು ಉತ್ತರ. ಪಾಕೆಟ್ಟಿನ ಮೂಲೆಯೂ ಹಾಗೆಯೇ. 30 ಮಿ.ಮೀ. ಆಳಕ್ಕೆ 3 ಮಿ.ಮೀ. ರೇಡಿಯಸ್ ಕೊಟ್ಟರೆ 6 ಮಿ.ಮೀ.ಗಿಂತ ದಪ್ಪದ ಎಂಡ್‌ಮಿಲ್ (ಮಿಲ್ಲಿಂಗ್ ಟೂಲು) ಮೂಲೆಗೆ ಹೋಗುವುದಿಲ್ಲ, ಟೂಲು ತನ್ನ ವ್ಯಾಸದ ಐದು ಪಟ್ಟು ಹೊರಚಾಚಿ ನಡುಗುತ್ತದೆ. ಅದೇ 5.5 ಕೊಟ್ಟರೆ 10 ಮಿ.ಮೀ. ಟೂಲು ಮೂರು ಪಟ್ಟು ಚಾಚಿ ನಿಶ್ಚಿಂತೆಯಿಂದ ತಿರುಗುತ್ತದೆ. ಸರಿಯಾಗಿ 5 ಯಾಕೆ ಬೇಡ ಎಂದರೆ, ಟೂಲಿನ ರೇಡಿಯಸ್ಸೂ ಮೂಲೆಯ ರೇಡಿಯಸ್ಸೂ ಒಂದೇ ಆದರೆ ಟೂಲು ಮೂಲೆಯಲ್ಲಿ ಒಂದು ಕ್ಷಣ ನಿಂತು ತಿರುಗಬೇಕಾಗುತ್ತದೆ, ಅಲ್ಲಿ ಗುರುತು ಬೀಳುತ್ತದೆ. ಈ ಕೊನೆಯ ವಿವರ ಕೈಯಾರೆ ಮಾಡಿದವರಿಗೆ ತಾನಾಗಿ ಬಾಯಿಗೆ ಬರುತ್ತದೆ. ನಂಬಿಕೆ ಹುಟ್ಟಿಸುವುದು ಅದೇ.

ನಾಲ್ಕನೆಯದು ಮೆಟೀರಿಯಲ್: ಎಸ್‌ಎಸ್ 304ರಲ್ಲಿ ಡ್ರಿಲ್ ಕತ್ತರಿಸದೆ ಉಜ್ಜಿದರೆ ತೂತಿನ ಮೈ ಗಟ್ಟಿಯಾಗಿ ಮುಂದೆ ಎಳೆ ಕೊರೆಯುವ ಟ್ಯಾಪ್ ಮುರಿಯುವುದು, ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರನ್ನು (ಲೋಹ ಕರಗಿಸಿದ ಬ್ಯಾಚಿನ ಸಂಖ್ಯೆ) ಬಾರಿನ ಮೇಲಿನ ನಂಬರಿಗೆ ತಾಳೆ ನೋಡುವುದು, ಕತ್ತರಿಸಿದ ತುಂಡಿಗೆ ಆ ನಂಬರನ್ನು ದಾಟಿಸುವುದು. ಇವು ಚಿಕ್ಕ ಪೋಸ್ಟುಗಳು, ಫೋಟೊ ಜೊತೆ ಚೆನ್ನಾಗಿ ನಿಲ್ಲುತ್ತವೆ.

ವಿಷಯ ಕೂಡಿಡಲು ಕಂಪ್ಯೂಟರ್ ಬೇಕಿಲ್ಲ. ಇನ್‌ಸ್ಪೆಕ್ಷನ್ ಮೇಜಿನ ಮೇಲೆ ಒಂದು ನೋಟ್‌ಬುಕ್, ಅಥವಾ ವಾಟ್ಸ್ಯಾಪ್‌ನಲ್ಲಿ ನಿಮಗೇ ನೀವು ಕಳಿಸಿಕೊಳ್ಳುವ ಕನ್ನಡದ ಧ್ವನಿ ಟಿಪ್ಪಣಿ. ಸೆಟ್ಟರ್‌ಗಳಿಗೂ ಹೇಳಿ: ಇವತ್ತು ಯಾವುದು ಕಾಡಿತು, ಒಂದು ವಾಕ್ಯ. ವಾರಕ್ಕೆ ಐದಾರು ಸೇರಿದರೆ ಒಂದಾದರೂ ಪೋಸ್ಟಿಗೆ ಯೋಗ್ಯವಾಗಿರುತ್ತದೆ.

ಬರೆದು ಹಾಕುವ ಬಗೆ

ಒಂದು ಪೋಸ್ಟಿಗೆ ಲಿಂಕ್ಡ್‌ಇನ್ 3,000 ಅಕ್ಷರ ಬಿಡುತ್ತದೆ. ಅಷ್ಟನ್ನೂ ತುಂಬಬೇಡಿ, 120ರಿಂದ 200 ಪದ ಸಾಕು. ಮೊಬೈಲಿನಲ್ಲಿ ಮೊದಲ ಎರಡು ಮೂರು ಸಾಲು ಕಂಡು ಉಳಿದದ್ದು ಮಡಚಿಕೊಳ್ಳುತ್ತದೆ. ಅಂಕಿ ಮತ್ತು ತೊಂದರೆ ಆ ಎರಡು ಸಾಲಿನಲ್ಲೇ ಬರಬೇಕು. 'ನಿಮಗೆ ಗೊತ್ತೇ?' ಎಂದು ಶುರು ಮಾಡಿದರೆ ಆ ಜಾಗ ಖಾಲಿ ಹೋದಂತೆ. ಒಂದು ಪೋಸ್ಟಿಗೆ ಒಂದೇ ಸಂಗತಿ. ಹ್ಯಾಷ್‌ಟ್ಯಾಗ್ ಎರಡು ಮೂರು ಸಾಕು, ಹದಿನೈದು ಹಾಕಿದರೆ ಜಾಹೀರಾತಿನಂತೆ ಕಾಣುತ್ತದೆ.

ಫೋಟೊ ಒಂದೇ ಇರಲಿ, ಆದರೆ ಸಂಗತಿ ಅದರಲ್ಲಿ ಕಾಣಲಿ: ಮುರಿದ ಟ್ಯಾಪ್, ಮೂಲೆಯ ನಡುಕದ ಗುರುತು, ಡಯಲ್ಲಿನ ಓದು. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಗಾತ್ರ ತಿಳಿಯುತ್ತದೆ. ಹಂತ ಹಂತವಾಗಿ ತೋರಿಸಬೇಕಾದ್ದಕ್ಕೆ ಪಿಡಿಎಫ್ ಏರಿಸಿದರೆ ಪುಟ ಸರಿಸಿ ನೋಡುವಂತೆ ಕಾಣುತ್ತದೆ. ನಿಯಮದ ಪ್ರಕಾರ 300 ಪುಟ, 100 ಎಂಬಿ ತನಕ ಆಗಬಹುದು. ಓದುವವರ ತಾಳ್ಮೆ ಎಂಟು ಪುಟ ದಾಟುವುದಿಲ್ಲ. ಪುಟಕ್ಕೊಂದು ಚಿತ್ರ, ಎರಡು ಸಾಲು, ಮೊಬೈಲಿನಲ್ಲಿ ಓದಲಾಗುವಷ್ಟು ದಪ್ಪ ಅಕ್ಷರ.

ಭಾಷೆ ಯಾವುದು? ಪುಣೆ, ಚೆನ್ನೈ, ಜರ್ಮನಿಯ ಗ್ರಾಹಕರು ಬೇಕೆಂದರೆ ತಾಂತ್ರಿಕ ಪೋಸ್ಟ್ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ. ಸರಳ ಇಂಗ್ಲಿಷ್ ಸಾಕು, ಅಂಕಿಗೆ ವ್ಯಾಕರಣ ಬೇಡ. ಆಪರೇಟರ್, ಸೆಟ್ಟರ್ ಬೇಕಾಗಿದ್ದರೆ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ನಿಮ್ಮ ಘಟಕದತ್ತ ನೋಡಬೇಕಿದ್ದರೆ ಕನ್ನಡದಲ್ಲಿ ಬರೆಯಿರಿ. ಕೆಲಸ ಬಲ್ಲವರನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿರುವ ಊರಿನಲ್ಲಿ ಕನ್ನಡದ ಪೋಸ್ಟಿಗೆ ತನ್ನದೇ ಲಾಭವಿದೆ. ಒಂದೇ ಪೋಸ್ಟಿನಲ್ಲಿ ಎರಡೂ ಭಾಷೆ ತುರುಕುವುದು ಮಾತ್ರ ಬೇಡ, ಇಬ್ಬರೂ ಅರ್ಧಕ್ಕೆ ಬಿಡುತ್ತಾರೆ.

ಎಐ ಸಾಧನಗಳ ಬಗ್ಗೆ. ಕನ್ನಡದ ಧ್ವನಿ ಟಿಪ್ಪಣಿಯನ್ನು ಇಂಗ್ಲಿಷಿಗೆ ತರಲು, ಕಾಗುಣಿತ ತಿದ್ದಲು ಧಾರಾಳವಾಗಿ ಬಳಸಿ. 'ಸಿಎನ್‌ಸಿ ಬಗ್ಗೆ ಪೋಸ್ಟ್ ಬರೆದುಕೊಡು' ಎಂದು ಕೇಳಬೇಡಿ. ಬರುವುದು ಯಾರು ಬೇಕಾದರೂ ಬರೆಯಬಹುದಾದ ಗಾಳಿಮಾತು. ಅಂಕಿಯಂತೂ ನೀವೇ ತಾಳೆ ನೋಡಲೇಬೇಕು. ಎಂ6 ಟ್ಯಾಪಿಗೆ 5.0 ಡ್ರಿಲ್ ಹಾಕಿದರೆ ಎಳೆಯ ಆಳ ಸುಮಾರು 77 ಶೇಕಡ, 5.1ಕ್ಕೆ 69. ಸ್ಟೇನ್‌ಲೆಸ್‌ನಲ್ಲಿ 5.1 ಬಳಸಿದರೆ ಟ್ಯಾಪ್ ಮೇಲಿನ ಹೊರೆ ಇಳಿಯುತ್ತದೆ ಎಂಬುದು ಒಳ್ಳೆಯ ಸಲಹೆ. ಇನ್ನಷ್ಟು ಸಲೀಸಾಗಲಿ ಎಂದು 5.2 ಎಂದು ಬರೆದಿರೋ, ಮುಗಿಯಿತು. 6ಎಚ್ ಎಂಬ ಟಾಲರೆನ್ಸ್ ದರ್ಜೆಯ ಎಳೆಗೆ ಒಳವ್ಯಾಸದ ಗರಿಷ್ಠ ಮಿತಿ 5.153. ಗುಣಮಟ್ಟ ವಿಭಾಗದ ಒಬ್ಬರು ಕಾಮೆಂಟಿನಲ್ಲಿ ಅದನ್ನು ಎತ್ತಿ ತೋರಿಸಿದರೆ ಹತ್ತು ಪೋಸ್ಟಿನಲ್ಲಿ ಗಳಿಸಿದ್ದು ಒಂದರಲ್ಲಿ ಹೋಗುತ್ತದೆ. ಹಾಗೇನಾದರೂ ಆದರೆ ಪೋಸ್ಟ್ ಅಳಿಸಬೇಡಿ. ಪಠ್ಯ ತಿದ್ದಿ, ತಿದ್ದಿದ್ದೇನೆಂದು ಅಲ್ಲೇ ಬರೆದು, ಎತ್ತಿ ತೋರಿಸಿದವರಿಗೆ ವಂದನೆ ಹೇಳಿ. ರಿಜೆಕ್ಷನ್ ಬಂದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನು ಪರ್ಚೇಸ್‌ನವರು ಅಲ್ಲಿ ನೋಡುತ್ತಾರೆ.

ಹಾಕಬಾರದ್ದು

ಈ ಭಾಗದಲ್ಲಿ ತಪ್ಪಿದರೆ ಹೊಸ ಗ್ರಾಹಕರು ಬರದಿರುವುದಷ್ಟೇ ಅಲ್ಲ, ಇರುವವರೂ ಹೋಗುತ್ತಾರೆ. ಗ್ರಾಹಕರ ಡ್ರಾಯಿಂಗ್ ಅವರ ಸ್ವತ್ತು, ಆ ಡ್ರಾಯಿಂಗಿನಿಂದ ಹುಟ್ಟಿದ ಆಕಾರವೂ ಹಾಗೆಯೇ. ಗೋಪ್ಯತೆ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎಂಬುದು ನೆಪವಾಗದು. ಜಾಬಿನ ಫೋಟೊ ಹಾಕಬೇಕಿದ್ದರೆ ಮಿಂಚಂಚೆಯಲ್ಲಿ ಅನುಮತಿ ಕೇಳಿ, ಬಂದ ಉತ್ತರವನ್ನು ಫೈಲಿನಲ್ಲಿಡಿ. ಫೋನಿನಲ್ಲಿ 'ಹಾಕ್ಕೊಳ್ಳಿ ಸಾರ್' ಎಂದದ್ದು ಆ ಎಂಜಿನಿಯರ್ ಕಂಪನಿ ಬಿಟ್ಟ ದಿನ ಇಲ್ಲವಾಗುತ್ತದೆ. ರಕ್ಷಣೆ, ಬಾಹ್ಯಾಕಾಶದ ಕೆಲಸವಾದರೆ ಕೇಳುವುದೂ ಬೇಡ, ಹಾಕುವುದೂ ಬೇಡ.

ಫೋಟೊ ತೆಗೆದ ಮೇಲೆ ಜಾಬನ್ನು ಬಿಟ್ಟು ಅದರ ಸುತ್ತಮುತ್ತ ಹಿಗ್ಗಿಸಿ ನೋಡಿ. ಗೋಡೆಗೆ ಅಂಟಿಸಿದ ಡ್ರಾಯಿಂಗಿನ ಟೈಟಲ್ ಬ್ಲಾಕ್, ಟ್ರೇ ಮೇಲಿನ ರೂಟ್ ಕಾರ್ಡ್, ಹಿಂದಿನ ಮಾನಿಟರಿನಲ್ಲಿ ತೆರೆದ ಮಾಡೆಲ್, ರವಾನೆ ಡಬ್ಬದ ಲೇಬಲ್, ಜಾಬಿನ ಮೇಲೆ ಕೆತ್ತಿದ ಪಾರ್ಟ್ ನಂಬರ್, ಹೆಚ್ಚಿನ ಸೋರಿಕೆ ಇವುಗಳಿಂದಲೇ. ಅದೇ ಫೋಟೊದಲ್ಲಿ ಕನ್ನಡಕವಿಲ್ಲದೆ ನಿಂತ ಆಪರೇಟರ್, ಚಿಪ್ಸ್ ಹರಡಿದ ನೆಲ, ಅವಧಿ ಮೀರಿದ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಕೂಡ ಕಾಣುತ್ತದೆ. ಆಡಿಟರ್ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಇದಕ್ಕೆಲ್ಲ ಸುಲಭದ ದಾರಿ ಒಂದಿದೆ: ಸ್ವಂತ ಮಾದರಿ ಜಾಬ್. ಉಳಿದ ತುಂಡು ಅಲ್ಯೂಮಿನಿಯಂನಲ್ಲಿ ಆಳದ ಪಾಕೆಟ್, ತೆಳು ಗೋಡೆ, ಎಂ3 ಟ್ಯಾಪ್, ಬೇರಿಂಗ್ ಬೋರ್ ಇರುವ ಒಂದು ಬ್ಲಾಕ್ ನೀವೇ ವಿನ್ಯಾಸ ಮಾಡಿ ತೆಗೆಯಿರಿ. ಅದರ ಫೋಟೊ, ಅಳತೆ ವರದಿ, ವಿಡಿಯೊ ಎಲ್ಲ ನಿಮ್ಮದೇ. ಅದೊಂದರಿಂದಲೇ ಎಂಟು ಹತ್ತು ಪೋಸ್ಟ್ ಹೊರಡುತ್ತವೆ. ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳ ನಡೆಯುವಾಗ ಕೈಚೀಲದಲ್ಲಿ ಒಯ್ಯಲೂ ಆಗುತ್ತದೆ.

ಹಣ ಕೊಡದ ಗ್ರಾಹಕರ ಮೇಲಿನ ಸಿಟ್ಟನ್ನೂ ಇಲ್ಲಿ ಹೊರಹಾಕಬೇಡಿ. ಸರಕು ಒಪ್ಪಿದ 45 ದಿನದೊಳಗೆ ಸೂಕ್ಷ್ಮ, ಸಣ್ಣ ಘಟಕಗಳಿಗೆ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ದೂರಿಗೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಲಿಂಕ್ಡ್‌ಇನ್‌ನಲ್ಲಿ ಹೆಸರು ಹೇಳಿ ಬೈದರೆ ಓದಿದ ಬೇರೆ ಪರ್ಚೇಸ್‌ನವರು 'ನಾಳೆ ನಮ್ಮನ್ನೂ ಹೀಗೇ' ಎಂದುಕೊಳ್ಳುತ್ತಾರೆ.

ವಾರದ ಲಯ

ವಾರಕ್ಕೊಂದು ಪೋಸ್ಟ್. ಹೆಚ್ಚು ಬೇಡ. ದಿನಕ್ಕೊಂದು ಎಂದು ಹೊರಟವರು ಮೂರನೇ ವಾರಕ್ಕೆ ಸುವಿಚಾರಗಳಿಗೆ ಇಳಿಯುತ್ತಾರೆ. ಪರ್ಚೇಸ್‌ನವರು ಕಚೇರಿಯಲ್ಲಿರುವ ವಾರದ ನಡುವಿನ ಬೆಳಿಗ್ಗೆ ಹಾಕಿ, ಆ ದಿನ ಬರುವ ಕಾಮೆಂಟುಗಳಿಗೆ ಆವತ್ತೇ ಉತ್ತರಿಸಿ.

ಹೊಸಬರಿಗೆ ಪೋಸ್ಟಿಗಿಂತ ಬೇಗ ಫಲ ಕೊಡುವುದು ಬೇರೆಯವರ ಪೋಸ್ಟಿನ ಕೆಳಗಿನ ಕಾಮೆಂಟ್. ನಿಮ್ಮನ್ನು ಓದುವವರು ನೂರು ಮಂದಿಯಾದರೆ ಒಬ್ಬ ಡಿಸೈನ್ ಮುಖ್ಯಸ್ಥರ ಪೋಸ್ಟನ್ನು ಓದುವವರು ಸಾವಿರಾರು, ಅದೂ ನಿಮಗೆ ಬೇಕಾದವರೇ. ವಾರಕ್ಕೆ ಮೂರು ದಿನ, ಹದಿನೈದು ನಿಮಿಷ ಕೊಡಿ. 'ಅದ್ಭುತ ಸಾರ್' ಎಂದು ಬರೆಯುವುದು ವ್ಯರ್ಥ. ಅವರು ತೆಳು ಗೋಡೆಯ ಭಾಗದ ಬಗ್ಗೆ ಬರೆದಿದ್ದರೆ ನೀವು ಕ್ಲ್ಯಾಂಪ್ ಬಿಚ್ಚಿದ ಮೇಲೆ ಗೋಡೆ ಎಷ್ಟು ವಾಲುತ್ತದೆ, ಫಿನಿಶಿಂಗ್‌ಗೆ ಎಷ್ಟು ಬಿಡುತ್ತೀರಿ ಎಂದು ಮೂರು ಸಾಲು ಸೇರಿಸಿ. ತಪ್ಪು ಕಂಡರೆ ವಿನಯದಿಂದ, ಅಂಕಿಯೊಂದಿಗೆ ಹೇಳಿ.

ಕನೆಕ್ಷನ್ ಕಳಿಸುವಾಗ ಸಿಕ್ಕವರಿಗೆಲ್ಲ ಕಳಿಸಬೇಡಿ. ನಿಮ್ಮ ಜಾಬ್ ಗಾತ್ರಕ್ಕೆ, ಮೆಟೀರಿಯಲ್ಲಿಗೆ ಹೊಂದುವ ಮೂವತ್ತು ನಲವತ್ತು ಕಂಪನಿಗಳ ಪಟ್ಟಿ ಮಾಡಿ, ಪ್ರತಿಯೊಂದರಲ್ಲೂ ಪರ್ಚೇಸ್, ಗುಣಮಟ್ಟ, ಡಿಸೈನ್‌ನಿಂದ ಒಬ್ಬೊಬ್ಬರನ್ನು ಹುಡುಕಿ. ಜೊತೆಗಿನ ಟಿಪ್ಪಣಿ 200 ಅಕ್ಷರದೊಳಗಿರಲಿ, ಕೆಲಸ ಕೇಳಬೇಡಿ. ಅವರು ಒಪ್ಪಿದ ಮರುಕ್ಷಣ ಕಂಪನಿ ಬ್ರೋಷರ್ ಕಳಿಸುವವರಿದ್ದಾರಲ್ಲ, ಅವರನ್ನು ಸದ್ದಿಲ್ಲದೆ ಮ್ಯೂಟ್ ಮಾಡುತ್ತಾರೆ. ಪರಸ್ಪರ ಲೈಕ್ ಹಾಕುವ ವಾಟ್ಸ್ಯಾಪ್ ಗುಂಪು, ತಾನಾಗಿ ಸಂದೇಶ ಕಳಿಸುವ ಸಾಫ್ಟ್‌ವೇರ್ ಎರಡೂ ಬೇಡ. ಎರಡನೆಯದು ಲಿಂಕ್ಡ್‌ಇನ್ ನಿಯಮಕ್ಕೆ ವಿರುದ್ಧ, ಖಾತೆಯೇ ನಿಲ್ಲಬಹುದು. ಮೊದಲನೆಯದರಿಂದ ಬರುವ ಲೈಕ್ ಪಕ್ಕದ ಶೆಡ್ಡಿನವರದೇ.

ಸಂದೇಶ ಬಂದ ಮೇಲೆ

'ನೀವು ಈ ತರಹದ ಜಾಬ್ ಮಾಡುತ್ತೀರಾ?' ಎಂದು ಒಂದು ಸಾಲು ಬರುತ್ತದೆ. ಅದೇ ದಿನ ಉತ್ತರಿಸಿ. ಗೋಪ್ಯತೆ ಒಪ್ಪಂದ ಬೇಕೇ ಎಂದು ಮೊದಲು ನೀವೇ ಕೇಳಿ, ಆಮೇಲೆ ಸಂಸ್ಥೆಯ ಮಿಂಚಂಚೆಗೆ ಡ್ರಾಯಿಂಗ್, ಮೆಟೀರಿಯಲ್ ಗ್ರೇಡ್, ಲಾಟ್ ಮತ್ತು ವರ್ಷದ ಸಂಖ್ಯೆ, ಲೇಪನ, ಬೇಕಾದ ವರದಿ, ದಿನಾಂಕ ಕೇಳಿ. ಕೊಟೇಶನ್ನಿನಲ್ಲಿ ಬರೀ ದರ ಇಡಬೇಡಿ. ಪೋಸ್ಟಿನಲ್ಲಿ ಬರೆದ ಬುದ್ಧಿಯೇ ಇಲ್ಲಿ ಕೆಲಸಕ್ಕೆ ಬರಬೇಕು: 'ಈ ಮೂಲೆ 3ರ ಬದಲು 5.5 ಆದರೆ ದರ ಇಷ್ಟು ಇಳಿಯುತ್ತದೆ', 'ಬೋರಿನ ಅಳತೆ ಲೇಪನದ ನಂತರದ್ದು ಎಂದು ಹಿಡಿದಿದ್ದೇವೆ, ಖಚಿತಪಡಿಸಿ'. ಪೋಸ್ಟಿನಲ್ಲಿ ಪಂಡಿತರು, ಕೊಟೇಶನ್ನಿನಲ್ಲಿ ಒಂದೇ ಸಾಲು ಎಂದಾದರೆ ಪೋಸ್ಟುಗಳನ್ನು ಯಾರೋ ಬರೆದುಕೊಟ್ಟಿದ್ದಾರೆಂಬ ಅನುಮಾನ ಬರುವುದು ಸಹಜ.

ನಂತರ ವೆಂಡರ್ ಆಡಿಟ್‌ಗೆ ಬರುತ್ತಾರೆ. ಬರುವ ಮುಂಚೆ ನಿಮ್ಮ ಹಳೆಯ ಪೋಸ್ಟುಗಳನ್ನು ನೀವೇ ಒಮ್ಮೆ ಓದಿ. 20 ಡಿಗ್ರಿ ಕೋಣೆಯ ಬಗ್ಗೆ ಬರೆದಿದ್ದರೆ ಆ ಕೋಣೆಯ ತಾಪಮಾನ ದಾಖಲೆ ಎಲ್ಲಿ ಎಂದು ಕೇಳುತ್ತಾರೆ. ಹೀಟ್ ನಂಬರ್ ದಾಟಿಸುವ ಬಗ್ಗೆ ಬರೆದಿದ್ದರೆ ರ‍್ಯಾಕಿನಿಂದ ಒಂದು ತುಂಡು ಎತ್ತಿ ಅದರ ನಂಬರ್ ನೋಡುತ್ತಾರೆ. ನೆಲದ ಮೇಲೆ ಇಲ್ಲದ್ದನ್ನು ಪೋಸ್ಟಿನಲ್ಲಿ ಬರೆದವರಿಗೆ ಆ ದಿನ ಕಷ್ಟ.

ಫಲ ಬಂತೇ ಎಂದು ಅಳೆಯುವುದು

ಲೈಕ್ ಎಣಿಸಬೇಡಿ. ಪೋಸ್ಟಿನ ಅಂಕಿಅಂಶದಲ್ಲಿ ನೋಡಿದವರ ಹುದ್ದೆ, ಕಂಪನಿ, ಊರು ಕಾಣುತ್ತದೆ. ನಿಮ್ಮ ಪಟ್ಟಿಯ ಕಂಪನಿಗಳು ಅಲ್ಲಿ ಇಣುಕುತ್ತಿವೆಯೇ, ಪ್ರೊಫೈಲ್ ನೋಡಿದವರಲ್ಲಿ ಪರ್ಚೇಸ್‌ನವರಿದ್ದಾರೆಯೇ ಎಂಬುದಷ್ಟೇ ಲೆಕ್ಕ. ಎಕ್ಸೆಲ್‌ನಲ್ಲಿ ಒಂದು ಹಾಳೆ ಮಾಡಿ: ದಿನಾಂಕ, ಪೋಸ್ಟಿನ ವಿಷಯ, ಬಂದ ಎನ್‌ಕ್ವೈರಿ, ಬಂದ ಡ್ರಾಯಿಂಗ್, ಕೊಟ್ಟ ಕೊಟೇಶನ್, ಆರ್ಡರ್. ಫೋನ್ ಮಾಡಿದ ಪ್ರತಿಯೊಬ್ಬ ಹೊಸಬರನ್ನೂ 'ನಮ್ಮ ಬಗ್ಗೆ ಎಲ್ಲಿ ತಿಳಿಯಿತು' ಎಂದು ಕೇಳಿ ಬರೆದಿಡಿ. ಯಾಕೆಂದರೆ ಪೋಸ್ಟ್ ಓದಿದವರು ಲಿಂಕ್ಡ್‌ಇನ್‌ನಲ್ಲೇ ಸಂದೇಶ ಕಳಿಸಬೇಕೆಂದಿಲ್ಲ, ವೆಬ್‌ಸೈಟಿನ ನಂಬರಿಗೆ ಕರೆ ಮಾಡುವವರೇ ಹೆಚ್ಚು.

ಹೊಸ ವೆಂಡರನ್ನು ಒಪ್ಪಿಕೊಳ್ಳಲು ದೊಡ್ಡ ಕಂಪನಿಗಳಿಗೇ ತಿಂಗಳುಗಳು ಹಿಡಿಯುತ್ತವೆ: ಮಾದರಿ, ಅಳತೆ ವರದಿ, ಆಡಿಟ್, ಆಮೇಲೆ ಚಿಕ್ಕ ಲಾಟ್. ಆದ್ದರಿಂದ ಮೂರು ತಿಂಗಳಿಗೆ ಆರ್ಡರ್ ಕಾಲಂ ಖಾಲಿ ಎಂದು ನಿಲ್ಲಿಸಬೇಡಿ, ಎನ್‌ಕ್ವೈರಿ ಕಾಲಂ ನೋಡಿ. ಆರು ತಿಂಗಳಾದರೂ ಅದೂ ಖಾಲಿಯಿದ್ದರೆ ತೊಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಕನೆಕ್ಷನ್ ಪಟ್ಟಿಯಲ್ಲಿ ಬರೀ ನಿಮ್ಮಂಥ ಘಟಕದವರೇ ತುಂಬಿದ್ದಾರೆ, ಅಥವಾ ಪೋಸ್ಟುಗಳು ಆಪರೇಟರ್‌ಗೆ ಹೇಳಿದಂತಿವೆ, ಡ್ರಾಯಿಂಗ್ ಮಾಡುವವರಿಗೆ ಅದರಲ್ಲಿ ಮಾಡುವಂಥದ್ದು ಏನೂ ಇಲ್ಲ. ಮೊದಲನೆಯದಕ್ಕೆ ಪಟ್ಟಿ ಬದಲಿಸಿ. ಎರಡನೆಯದಕ್ಕೆ ಪ್ರತಿ ಪೋಸ್ಟಿನ ಕೊನೆಗೆ 'ಡ್ರಾಯಿಂಗಿನಲ್ಲಿ ಹೀಗೆ ಬರೆಯಿರಿ' ಎಂಬ ಒಂದು ಸಾಲು ಸೇರಿಸಿ, ಇನ್ನೊಂದು ಮೂರು ತಿಂಗಳು ಅದೇ ಹಾಳೆಯಲ್ಲಿ ನೋಡಿ.